ಅವ್ವ ಕೂತಾಗ ತೆಗೆಯುವ ಗುರುತು

ಗುಳೇದಗುಡ್ಡ,
ಫೆಬ್ರವರಿ ೩೦, ೨೧೩೧

ಈ ಹಲಗೆಯ ಮೊದಲ ಒಡೆಯರಿಗೆ ಶರಣು.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವಂತೆ. ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಹಂಚಿ, ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಬಿಡುವಿಗೆಂದು ಇಟ್ಟುಕೊಂಡರು. ನಿಮ್ಮ ಯಂತ್ರ ಮಾತ್ರ ಇಂದಿಗೂ ಇದನ್ನು ಒಪ್ಪಿಲ್ಲ. ಅದಕ್ಕೆ ಇವತ್ತು ಮಾರ್ಚ್ ಒಂದು. ಅದರ ಗಡಿಯಾರವನ್ನು ನಿಮ್ಮ ವರ್ಷಕ್ಕೆ ಹಿಂದೆ ತಿರುಗಿಸಿ ಈ ಕಾಗದವನ್ನು ಅಲ್ಲಿಯೇ ಉಳಿಸುತ್ತೇನೆ. ನಿಮಗೆ ಸಿಗುತ್ತದೆ ಎಂಬ ಭರವಸೆಯಿಲ್ಲ, ಆದರೂ ಬರೆಯದೆ ಇರಲಾರೆ. ನಮ್ಮ ಕೆಲವು ಮಾತು ನಿಮಗೆ ಹೊಸದಾಗಿ ಕಂಡರೆ ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ಹಲಗೆ ಎಂದೆನಲ್ಲ, ಅದನ್ನು ನೀವು ಲ್ಯಾಪ್‌ಟಾಪ್ ಎನ್ನುತ್ತಿದ್ದಿರಿ. ನಮ್ಮ ಮಗ್ಗದ ಮನೆಯಲ್ಲಿ ಹನ್ನೆರಡು ಹಲಗೆಗಳಿವೆ. ಹನ್ನೊಂದು ಬಹಳ ಚಂದ, ಕನ್ನಡಿಯಂತೆ ಹೊಳೆಯುತ್ತವೆ. ಆದರೆ ತೆರೆದ ಕೂಡಲೇ ಎಂದೋ ಮುಚ್ಚಿಹೋದ ಯಾವುದೋ ಕಂಪನಿಯ ಅಪ್ಪಣೆ ಕೇಳುತ್ತವೆ. ಅಪ್ಪಣೆ ಕೊಡುವವರು ಯಾರೂ ಉಳಿದಿಲ್ಲ. ಬೇಸಿಗೆಯಲ್ಲಿ ಕಾಶವ್ವ ದೊಡ್ಡವ್ವ ಅವುಗಳ ಬೆನ್ನಿನ ಮೇಲೆ ಸಂಡಿಗೆ ಒಣಗಿಸುತ್ತಾಳೆ. ಹನ್ನೆರಡನೆಯದು ನಿಮ್ಮದು. ಅದರ ಮೂಲೆ ಜಜ್ಜಿದೆ, ಒಂದು ಕೀಲು ಸಡಿಲವಾಗಿದೆ, ಒಳಗಿನ ಅರ್ಧ ಸಾಮಾನನ್ನು ನಮ್ಮವರು ಮೂರು ತಲೆಮಾರುಗಳಲ್ಲಿ ಬದಲಿಸಿದ್ದಾರೆ. ಅದರೊಳಗೆ ಇರುವುದು ಲಿನಕ್ಸ್. ನಮ್ಮ ಕಡೆ ಅದಕ್ಕೆ ಕದವಿಲ್ಲದ ಮನೆ ಎಂಬ ಹೆಸರು, ಏಕೆಂದರೆ ಯಾರು ಬೇಕಾದರೂ ಒಳಗೆ ಹೋಗಿ ಯಾವ ಗೂಡಿನಲ್ಲಿ ಏನಿದೆ ಎಂದು ನೋಡಬಹುದು. ಅದರ ಗುಂಡಿಗೆ, ಅಂದರೆ ನೀವು ಪ್ರೊಸೆಸರ್ ಎನ್ನುತ್ತಿದ್ದುದು, ಅದರ ಮೇಲೆ ಆರ್ಮ್ ಎಂದು ಬರೆದಿದೆ. ನಾವು ಅದನ್ನು ತಣ್ಣೆದೆ ಎನ್ನುತ್ತೇವೆ. ದಿನವಿಡೀ ದುಡಿದರೂ ಅದು ಬೆಚ್ಚಗಾಗದು, ಗಾಳಿ ಬೇಡದು, ಸದ್ದು ಮಾಡದು. ಮಾಳಿಗೆಯ ಮೇಲಿನ ಒಂದೇ ಒಂದು ಬಿಸಿಲ ಹಂಚು, ಅಂದರೆ ಬಿಸಿಲು ಕುಡಿದು ವಿದ್ಯುತ್ತು ಕೊಡುವ ಹಂಚು, ಅದಕ್ಕೆ ಸಾಕು. ನೀವು ಜಾಲ ಎನ್ನುತ್ತಿದ್ದುದು ನಮ್ಮೂರಿಗೆ ಬುಧವಾರಕ್ಕೊಮ್ಮೆ ಸೈಕಲ್ ಮೇಲೆ ಬರುತ್ತದೆ. ಜಾಲಗಿತ್ತಿ ಎಂಬ ಹೆಂಗಸು ಅದನ್ನು ಉಗುರಿನಷ್ಟು ದೊಡ್ಡ ಬಿಲ್ಲೆಯಲ್ಲಿ ತುಂಬಿ ಕೊರಳಿಗೆ ಕಟ್ಟಿಕೊಂಡು ಬರುತ್ತಾಳೆ, ಚಹಾ ಕುಡಿದು ಹೋಗುತ್ತಾಳೆ.

ನಮ್ಮ ಹಲಗೆಯ ಕೆಲಸ ಖಣದ ನಮೂನೆಗಳನ್ನು ಕಾಯುವುದು. ಇಲ್ಲಿ ಇನ್ನೂರ ನಲವತ್ತು ಮಗ್ಗಗಳಿವೆ, ಎಲ್ಲವೂ ಕೈಮಗ್ಗ. ಕುಪ್ಪಸದ ಖಣದಲ್ಲಿ ಯಾವ ಹೂವಿಗೆ ಯಾವ ಸಾಲಿನಲ್ಲಿ ಎಷ್ಟು ಎಳೆ ಎತ್ತಬೇಕು ಎಂಬ ಲೆಕ್ಕ ಅದರಲ್ಲಿದೆ. ನಿತ್ಯದ ನಮೂನೆಗಳು ನೇಕಾರರಿಗೆ ಬಾಯಿಪಾಠ. ಅಪರೂಪದವನ್ನು ಮಾತ್ರ ಹಲಗೆಯಿಂದ ಒಬ್ಬರು ಓದಬೇಕು, ಇನ್ನೊಬ್ಬರು ಕೇಳಿ ನೇಯಬೇಕು. ಓದುವವರಿಗೆ ಕಣ್ಣಾಳು ಎಂದು ಹೆಸರು. ನಾನು ಐದನೆಯ ತರಗತಿ ಮುಗಿಸಿದ ವರ್ಷ ಕಣ್ಣಾಳಾದೆ.

ಕಣ್ಣಾಳು ಏಕೆ ಬೇಕು ಎಂದು ನೀವು ಕೇಳಬಹುದು. ನಿಮ್ಮ ಹಲಗೆಯ ಅಕ್ಷರಗಳು ಸಾಸಿವೆಗಿಂತ ಸಣ್ಣವು. ಪರದೆಯ ಮೇಲೆ ಒಂದು ಅಕ್ಕಿಕಾಳಿನ ಜಾಗದಲ್ಲಿ ಸಾವಿರಾರು ಚುಕ್ಕೆಗಳಿವೆ. ನಿಮ್ಮ ಕಾಲದವರಿಗೆ ಹದ್ದಿನ ಕಣ್ಣಿತ್ತು, ನಮ್ಮದು ಮಂದವಾಯಿತು ಎಂದು ಊರೇ ನಂಬಿತ್ತು. ಶಾಲೆಯಲ್ಲಿಯೂ ಹಾಗೆಯೇ ಕಲಿಸುತ್ತಿದ್ದರು. ಆದ್ದರಿಂದ ಮಕ್ಕಳಿಗೆ ಸೂಜಿ ಪೋಣಿಸುವ ಪರೀಕ್ಷೆ ಇಟ್ಟು, ಎಲ್ಲರಿಗಿಂತ ಚುರುಕು ಕಣ್ಣಿನವರನ್ನು ಆರಿಸುತ್ತಿದ್ದರು. ನಮ್ಮಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಹಲಗೆಯನ್ನು ಓದಬೇಕು, ಬದಲಿಸಬಾರದು. ಹಿಂದೆ ಯಾರೋ ಏನನ್ನೋ ಒತ್ತಿ, ಅದು ಒಂದು ಮಳೆಗಾಲವಿಡೀ ಕಪ್ಪಾಗಿ ಕೂತಿತ್ತಂತೆ. ಇನ್ನೊಂದು, ಕೈ ತಪ್ಪಬಹುದು, ಕಣ್ಣು ತಪ್ಪದು. ಖಣದಲ್ಲಿ ದೋಷ ಬಂದರೆ ಅದು ನೇಕಾರರದೇ. ಮೂರು ಖಣ ಕೆಟ್ಟರೆ ನೇಕಾರರು ಅಮಾವಾಸ್ಯೆಯ ದಿನ, ಮಗ್ಗಗಳಿಗೆಲ್ಲ ಬಿಡುವಿರುವಾಗ, ಎಲ್ಲರೆದುರು ಲಾಳಿ ಒಪ್ಪಿಸಿ ಮನೆಗೆ ಹೋಗಬೇಕು.

ನನಗೀಗ ಇಪ್ಪತ್ತು. ಹೋದ ವರ್ಷದಿಂದ ನನ್ನ ಕಣ್ಣು ಸೋಲುತ್ತಿತ್ತು. ಯಾರಿಗೂ ಹೇಳಲಿಲ್ಲ. ನಾನು ಮೊದಲೇ ಮಾತು ಕಡಿಮೆಯವಳು. ಅಂಕಿ ಓದುವಾಗ ಬಿಟ್ಟರೆ ನನ್ನ ದನಿಯನ್ನು ಮಗ್ಗದ ಮನೆಯಲ್ಲಿ ಕೇಳಿದವರೇ ಇಲ್ಲ. ಆ ಕೆಲಸವೂ ಹೋದರೆ ನಾನು ಯಾರು ಎಂಬ ಹೆದರಿಕೆ.

ಆಗ ಬಾದಾಮಿಯ ಒಂದು ಮನೆತನದವರು ಹುಣಸೆ ಹೂವಿನ ಖಣ ಕೇಳಿದರು. ಅದನ್ನು ನೇಯ್ದು ಅರವತ್ತು ವರ್ಷವಾಗಿತ್ತು, ಬಾಯಿಪಾಠ ಯಾರಿಗೂ ಇರಲಿಲ್ಲ. ಕೆಲಸ ಕಾಶವ್ವ ದೊಡ್ಡವ್ವನಿಗೆ ಬಂತು. ಅವಳಿಗೆ ಅರವತ್ತೆಂಟು, ನಮ್ಮಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ನಾನು ಓದಿದೆ, ಅವಳು ನೇಯ್ದಳು. ಮೊದಲ ಖಣದಲ್ಲಿ ಹೂವಿನ ಬಲಗಡೆಯ ಎಸಳು ಮುರಿಯಿತು. ಎರಡನೆಯದರಲ್ಲಿಯೂ ಹಾಗೆಯೇ. ಮೂರನೆಯದು ಕೆಟ್ಟಾಗ ಅವಳು ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಬಹಳ ಹೊತ್ತು ನೋಡಿದಳು.

"ಹಂಪವ್ವಾ, ನನ್ನ ಕೈ ಸೋತಾವ ನೋಡ," ಎಂದಳು. "ಐವತ್ತ ವರ್ಷ ದುಡದಾವ. ಇನ್ನ ಎಷ್ಟಂತ ಮಾಡ್ಯಾವು ಪಾಪ."

ಕೈಗಳನ್ನು ಅವಳು ಎರಡು ಮುದಿ ಎತ್ತುಗಳ ಬಗ್ಗೆ ಹೇಳುವಂತೆ ಹೇಳಿದಳು. ನಾನು ತಲೆ ತಗ್ಗಿಸಿದೆ. ಹದಿನೇಳನೆಯ ಸಾಲಿನ ಕೊನೆಯ ಅಂಕಿ ಆರೋ ಒಂಬತ್ತೋ ನನಗೆ ಕಂಡಿರಲಿಲ್ಲ. ಮೂರು ಸಲವೂ ಅಂದಾಜಿನ ಮೇಲೆ ಇಪ್ಪತ್ತಾರು ಎಂದಿದ್ದೆ.

ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆ ಸಾಲನ್ನು ಸರಿಯಾಗಿ ನೋಡಬೇಕೆಂದು ಒಬ್ಬಳೇ ಹಲಗೆಯ ಮುಂದೆ ಕೂತೆ. ಪಟ್ಟಿಯಲ್ಲಿ ಹುಣಸೆ ಹೂವಿನ ಹೆಸರು ಹುಡುಕಿದೆ. ಕಣ್ಣು ಮಂಜಾಗಿ ಅದರ ಕೆಳಗಿನ ಇನ್ನೊಂದು ಕಡತವನ್ನು ತೆರೆದುಬಿಟ್ಟೆ. ಅದರಲ್ಲಿ ಎಲ್ಲವೂ ಇಂಗ್ಲಿಷ್. ಮುಚ್ಚಬೇಕೆನ್ನುವಷ್ಟರಲ್ಲಿ ನಡುವೆ ಕನ್ನಡದ ಒಂದು ತುಣುಕು ಕಂಡಿತು. ಮೂಗು ಪರದೆಗೆ ತಾಗುವಂತೆ ಬಗ್ಗಿ ಒಂದೊಂದೇ ಅಕ್ಷರ ಓದಿದೆ. ನೀವು ಹೀಗೆ ಬರೆದಿದ್ದಿರಿ:

"ಅವ್ವ ಕೂತಾಗ ಕೆಳಗಿನ ಸಾಲಿನ ಮುಂದಿನ ಗುರುತು ತೆಗಿ. ಅಕಿಗೆ ಸಣ್ಣ ಅಕ್ಷರ ಕಾಣಂಗಿಲ್ಲ. ನಾ ಕೂತಾಗ ಮತ್ತ ಹಾಕು."

ಕೆಳಗೆ ಒಂದು ಚಿಕ್ಕ ಜಾಲರಿಯಂಥ ಗುರುತು, ಅದರ ಮುಂದೆ ಪರದೆಯ ಹೆಸರು, ಕೊನೆಗೆ ಎರಡು ಎಂಬ ಅಂಕಿ. ಆ ಗುರುತಿದ್ದರೆ ಯಂತ್ರ ಸಾಲನ್ನು ಓದದೆ ದಾಟುತ್ತದೆ, ತೆಗೆದರೆ ಎಲ್ಲವನ್ನೂ ಇಮ್ಮಡಿ ದೊಡ್ಡದಾಗಿ ತೋರಿಸುತ್ತದೆ. ಅಷ್ಟೇ. ನಾನು ಕಟ್ಟಳೆ ಮುರಿದೆ. ಆ ಗುರುತನ್ನು ಅಳಿಸಿ, ಉಳಿಸಿ, ಹಲಗೆಯನ್ನು ಆರಿಸಿ ಮತ್ತೆ ಹಚ್ಚಿದೆ. ಅದು ಕಪ್ಪಾಗಿದ್ದ ಅಷ್ಟು ಹೊತ್ತು ನನ್ನ ಜೀವ ನನ್ನಲ್ಲಿರಲಿಲ್ಲ.

ಆಮೇಲೆ ಅಕ್ಷರಗಳು ಬಂದವು. ಅಲಸಂದೆ ಕಾಳಿನಷ್ಟು ದೊಡ್ಡವು, ಅಂಚು ಒಂದಿಷ್ಟೂ ಒಡೆಯದೆ, ಈಗಷ್ಟೇ ಮಸಿಯಲ್ಲಿ ಬರೆದಂತೆ ನುಣ್ಣಗೆ. ಒಂದು ಚುಕ್ಕೆಯ ಕೆಲಸವನ್ನು ನಾಲ್ಕು ಚುಕ್ಕೆಗಳು ಸೇರಿ ಮಾಡುತ್ತಿದ್ದವು. ನೂಲು ನಯವಾದಷ್ಟೂ, ಎಳೆಯ ಲೆಕ್ಕ ಅಷ್ಟೇ ಇಟ್ಟರೆ ಹೂವು ಚಿಕ್ಕದಾಗುತ್ತದೆ. ನಯವಾದ ನೂಲಿಗೆ ಎಳೆಗಳನ್ನು ಇಮ್ಮಡಿ ಮಾಡಬೇಕು. ಇದು ನಮ್ಮೂರಿನ ಪ್ರತಿ ಮನೆಗೂ ಗೊತ್ತಿರುವ ಸಂಗತಿ. ಆದರೂ ನೇಕಾರರಾದ ನಮಗೆ ನೂರು ವರ್ಷ ಹೊಳೆಯಲಿಲ್ಲ. ನಿಮ್ಮವರಿಗೆ ಹದ್ದಿನ ಕಣ್ಣೇನೂ ಇರಲಿಲ್ಲ. ಕೊನೆಯ ದಿನ ಹಲಗೆಯ ಮುಂದೆ ಕೂತವರು ನೀವು, ನಿಮ್ಮವ್ವ ಅಲ್ಲ, ಗುರುತು ಹಾಗೆಯೇ ಉಳಿಯಿತು, ಅಷ್ಟೇ.

ಹದಿನೇಳನೆಯ ಸಾಲಿನಲ್ಲಿ ಇದ್ದದ್ದು ಇಪ್ಪತ್ತೊಂಬತ್ತು. ನಾನು ಗುರುತನ್ನು ಮತ್ತೆ ಹಾಕಿ ಎಲ್ಲವನ್ನೂ ಮೊದಲಿನಂತೆ ಮಾಡಿದೆ. ನಾಲ್ಕು ದಿನ ಸುಮ್ಮನಿದ್ದೆ. ಈ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಯಾರೂ ಇಲ್ಲದಾಗ ಗುರುತು ತೆಗೆದು ನೋಡಿಟ್ಟುಕೊಂಡು, ಇನ್ನು ಮುಂದೆ ಸರಿಯಾಗಿ ಓದಿಕೊಂಡು ಹೋಗಬಹುದಿತ್ತು. ನನ್ನ ಕೆಲಸ ಉಳಿಯುತ್ತಿತ್ತು, ದೊಡ್ಡವ್ವ ಮನೆಗೆ ಹೋಗುತ್ತಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಸೇರಿದರು. ದೊಡ್ಡವ್ವ ಮಡಿ ಸೀರೆಯುಟ್ಟು, ಲಾಳಿಗೆ ಎಣ್ಣೆ ಸವರಿ ತಂದಿದ್ದಳು. ಮಗ್ಗದ ಮನೆಯ ಹಿರಿಯರಾದ ಅಡಿವೆಪ್ಪ ಕಾಕಾ ಕೈಚಾಚಿದರು. ನಾನು ಎದ್ದೆ. ಹಲಗೆಯನ್ನು ತೆರೆದೆ, ಆ ಗುರುತನ್ನು ತೆಗೆದೆ, ಆರಿಸಿ ಹಚ್ಚಿ ಎತ್ತಿಕೊಂಡು ಹೋಗಿ ಇಬ್ಬರ ನಡುವೆ ನೆಲದ ಮೇಲಿಟ್ಟೆ.

"ಏ ಹುಡುಗಿ, ಮುಟ್ಟಬ್ಯಾಡ!" ಎಂದು, ನಾನು ಅದನ್ನು ಆರಿಸಿದ್ದನ್ನು ಕಂಡಿದ್ದ ಕಾಕಾ ಗದರಿದರು. "ತಲಿಗಿಲಿ ಕೆಟ್ಟೈತೇನ ನಿನಗ?"

"ದೊಡ್ಡವ್ವಾ, ಹದಿನೇಳನೇ ಸಾಲ ಓದ," ಎಂದೆ.

ಅವಳು ನಕ್ಕಳು. "ನಾ ಓದಲೇನ? ನನಗ ಎದುರಿಗೆ ನಿಂತಾವರ ಮಾರಿನ ಕಾಣಂಗಿಲ್ಲ." ಆದರೂ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು. "ಏ ಅಡಿವೆಪ್ಪಾ, ಕಾಣಾಕತ್ತೈತೋ! ಇಪ್ಪತ್ತೊಂಬತ್ತ ಎಳಿ ಎತ್ತು ಅಂತ ಐತಿ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಇಪ್ಪತ್ತಾರಂದಿದ್ದೆಲ್ಲವಾ?"

"ಹೂಂ. ನನಗ ಕಂಡಿರಲಿಲ್ಲ," ಎಂದೆ. "ತಪ್ಪಿದ್ದ ನಿನ್ನ ಕೈ ಅಲ್ಲ ದೊಡ್ಡವ್ವಾ. ನನ್ನ ಕಣ್ಣ."

ಯಾರ ಮುಖವನ್ನೂ ನಾನು ನೋಡಲಿಲ್ಲ. ದೊಡ್ಡವ್ವ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ತಿರುಗಿಸಿ, ಅಂಗೈ ಮುಂಗೈ ನೋಡಿಕೊಂಡಳು. ಕಾಕಾ ಇನ್ನೂ ಚಾಚಿಕೊಂಡೇ ಇದ್ದ ಕೈಗೆ ಒಂದು ಪೆಟ್ಟು ಕೊಟ್ಟಳು.

"ತಗಿಯೋ ಕೈ. ನನ್ನ ಲಾಳಿ ಯಾರಿಗಿ ಕೊಡಲಿ? ನಿನಗ ಲುಂಗಿ ನೇಯಾಕೂ ಬರಂಗಿಲ್ಲ."

ಮೊದಲು ನಕ್ಕವರು ಕಾಕಾ. ನಂತರ ಜನ ಸಾಲುಗಟ್ಟಿ ಬಂದು ಹಲಗೆಯ ಮುಂದೆ ಕೂತರು. ಇಪ್ಪತ್ತು ವರ್ಷ ಮಗ್ಗದ ಮುಂದೆ ಕೂತು ಬರೀ ಕೇಳಿದ್ದವರು ತಮ್ಮ ಕಣ್ಣಿನಿಂದ ತಮ್ಮ ನಮೂನೆ ಓದಿದರು. ಒಬ್ಬರು ಅತ್ತರು. ದೊಡ್ಡವ್ವ ಮಾತ್ರ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬುತ್ತಿ ಬಿಚ್ಚುವಾಗ ಅರ್ಧ ರೊಟ್ಟಿ ನನ್ನತ್ತ ತಳ್ಳಿ, "ಮೂರ ಖಣ ಕೆಡಿಸಿದಿ, ತಿನ್ನ," ಎಂದಳು.

ಈಗ ನಮ್ಮಲ್ಲಿ ಕಣ್ಣಾಳು ಇಲ್ಲ. ನಾನೇ ಕೊನೆಯವಳು. ಸೂಜಿ ಪೋಣಿಸುವ ಪರೀಕ್ಷೆಯನ್ನೂ ಬಿಟ್ಟರು. ಎರಡನೆಯ ಕಟ್ಟಳೆ ಅಂದೇ ಹೋಯಿತು. ಮೊದಲನೆಯದರ ಬಗ್ಗೆ ಎರಡು ಸಭೆ ನಡೆದವು, ಕೊನೆಗೆ ಬದಲಿಸಬಹುದು, ಬದಲಿಸಿದ್ದನ್ನು ಬರೆದಿಡಬೇಕು ಎಂದಾಯಿತು. ಬರೆದಿಡುವ ಕೆಲಸ ನನ್ನದು. ಕದವಿಲ್ಲದ ಮನೆಯ ಒಂದೊಂದು ಗೂಡನ್ನೂ ತೆರೆದು ನೋಡುತ್ತಿದ್ದೇನೆ. ಹೋದ ಬುಧವಾರ ಜಾಲಗಿತ್ತಿ ನಿಮ್ಮ ಆ ಮೂರು ಸಾಲನ್ನು, ಜೊತೆಗೆ ಅದನ್ನು ಬಳಸುವ ಬಗೆ ತಿಳಿಸಿ ನಾನು ಬರೆದ ಕಾಗದವನ್ನು ಬಿಲ್ಲೆಯಲ್ಲಿ ಹಾಕಿಕೊಂಡು ಇಳಕಲ್ಲಿಗೆ ಒಯ್ದಳು. ಅಲ್ಲಿಯೂ ಇಂಥದೇ ಒಂದು ಹಲಗೆ ಇದೆಯಂತೆ, ಅವರೂ ಹದ್ದಿನ ಕಣ್ಣಿನ ಕತೆಯನ್ನೇ ನಂಬಿದ್ದರಂತೆ. ಐದು ತರಗತಿ ಓದಿದವಳು ಬರೆದ ಕಾಗದ ನಮ್ಮೂರಿನಿಂದ ಇಳಕಲ್ಲಿಗೆ ಹೋಯಿತು ಎಂದು ಕಾಕಾ ಕಂಡಕಂಡವರಿಗೆಲ್ಲ ಹೇಳುತ್ತಾರೆ. ನಾನು ಒಳಗೆ ಹೋಗಿಬಿಡುತ್ತೇನೆ, ಆದರೆ ಬಾಗಿಲ ಹಿಂದೆ ನಿಂತು ಕೇಳುತ್ತೇನೆ.

ನಿಮ್ಮನ್ನು ಒಂದು ಕೇಳಿಕೊಳ್ಳಬೇಕು. ಕದವಿಲ್ಲದ ಮನೆಯನ್ನೇ ಕೊಳ್ಳಿರಿ, ಕಟ್ಟಿರಿ, ಮಕ್ಕಳಿಗೆ ಕೊಡಿರಿ. ಏನು ಬದಲಿಸಿದರೂ ಏಕೆ ಬದಲಿಸಿದಿರಿ ಎಂದು ಅದರ ಪಕ್ಕದಲ್ಲಿ ಬರೆದಿಡಿ, ಮನೆಯಲ್ಲಿ ಆಡುವ ಮಾತಿನಲ್ಲಿಯೇ ಬರೆದಿಡಿ. ಬೀಗ ಹಾಕಿದ ಹನ್ನೊಂದು ಹಲಗೆಗಳಲ್ಲಿಯೂ ಯಾರಾದರೂ ತಮ್ಮ ಅವ್ವನಿಗಾಗಿ ಏನಾದರೂ ಮಾಡಿರಬಹುದು. ನಮಗೆ ಅದು ಎಂದೂ ತಿಳಿಯುವುದಿಲ್ಲ.

ನಿಮ್ಮ ಸಾಲುಗಳನ್ನು ನಾನು ಮುಟ್ಟಿಲ್ಲ. ಅವುಗಳ ಕೆಳಗೆ ನನ್ನದೊಂದನ್ನು ಸೇರಿಸಿದ್ದೇನೆ, ನನ್ನ ನಂತರ ಇಲ್ಲಿ ಕೂರುವವರಿಗಾಗಿ:

"ಕಣ್ಣ ಸೋತರ ಅವತ್ತ ಹೇಳ್ರಿ. ನಾಲ್ಕ ದಿನ ತಡಿಬ್ಯಾಡ್ರಿ. — ಹಂಪವ್ವ"