ಎಡಗಡೆಗೇ ಇರಲಿ ಆ ಹಿಡಿ

ರೀ,

ಕಬ್ಬಿಣದ ಪಟ್ಟಿ, ಬೋಲ್ಟು, ವೆಲ್ಡಿಂಗು ಎಲ್ಲ ಸೇರಿ ಸಾವಿರದ ಎಂಟುನೂರು ಆಯಿತು, ಕೊಟ್ಟಿದ್ದೇನೆ. ನಾನು ಅರಕಲಗೂಡಿಗೆ ತಂಗಿಯ ಮನೆಗೆ ಹೋಗಿ ನಾಳೆ ಬರುತ್ತೇನೆ. ಸಾರು ಬಿಸಿ ಮಾಡಿಕೊಳ್ಳಿ.

ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ನಿಮ್ಮ ಆಟದ ಸ್ಟ್ಯಾಂಡನ್ನು ವೆಲ್ಡಿಂಗ್ ರಜನೀಶ ಮೇಜಿಗೆ ಕೂರಿಸಿ ಹೋದ. "ಅಮ್ಮಾ, ಕ್ಯಾಪ್ಟನ್ನಿಗೆ ಈ ವೇಗದ ಹಿಡಿ ಬಲಗಡೆ ಇರ್ಬೇಕು. ಯಜಮಾನ್ರು ಚೀಟೀಲಿ ಎಡಗಡೆ ಅಂತ ಬರ್ದವ್ರೆ. ಇದೇನ್ ಬಸ್ಸಾ?" ಎಂದು ನಕ್ಕ. ಅಷ್ಟು ವರ್ಷ ಬಸ್ಸಿನ ಗೇರು ಹಾಕಿದ ಎಡಗೈ ನಿಮ್ಮದು. "ಎಡಗಡೆಗೇ ಇರ್ಲಿ ಕಣಪ್ಪ" ಎಂದೆ. ನೀವೂ ಬದಲಿಸಲು ಹೋಗಬೇಡಿ.

ರಿಟೈರಾದ ಮೇಲೆ ಮಾತಿಲ್ಲದೆ ಗೋಡೆ ನೋಡುತ್ತ ಕೂತಿರುತ್ತಿದ್ದಿರಿ. ನಿನ್ನೆ ಅಳತೆ ನೋಡಲು ಕುರ್ಚಿಯಲ್ಲಿ ಕೂತವರು, "ಸುವರ್ಣಾ, ಹತ್ಕೊ, ಮಂಗಳೂರಿಗೆ ಓಗ್ಬರಾಣ" ಎಂದಿರಿ. ನಿಮ್ಮ ಬಾಯಲ್ಲಿ ನನ್ನ ಹೆಸರು ಕೇಳಿ ವರ್ಷವಾಗಿತ್ತು.