ಇನ್ನೊಂದು ಕಾರು ಬರಲಿ ಎಂದು

ಸಾನ್ ವೀತೊ
ನವೆಂಬರ್ ೩

ಪ್ರೀತಿಯ ನುನ್ಸಿಯಾಕ್ಕ,

ನಿನ್ನೆ ಅಪ್ಪನ ಸಮಾಧಿಯ ಮೇಲೆ ಸೇವಂತಿಗೆ ಇಟ್ಟು ಏಳುವಾಗ ನೀನು, "ಅಪ್ಪನ್ನ ಬಲಿ ತಗೊಂಡಿದ್ದು ಆ ಕರಿ ಬೆಕ್ಕೇ ಕಣೋ" ಅಂದೆ. ಆ ಮಾತನ್ನು ಮೊದಲು ಆಡಿದವನು ನಾನೇ. ಅಂದಿನಿಂದ ಊರವರು ಆ ಬೆಕ್ಕಿಗೆ ಕಲ್ಲು ಹೊಡೆಯುತ್ತಿದ್ದಾರೆ.

ಎದೆನೋವೆಂದು ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಎಣ್ಣೆ ಗಾಣದ ತಿರುವಿನಲ್ಲಿ ಅದು ಅಡ್ಡ ಬಂತು. ನಮ್ಮೂರಿನವರೆಲ್ಲ ಮಾಡುವಂತೆ, ಬೇರೆ ಯಾರಾದರೂ ಮೊದಲು ದಾಟಲಿ ಎಂದು ನಾನು ಕಾರು ನಿಲ್ಲಿಸಿದೆ. ಭಾನುವಾರ, ಊಟದ ಹೊತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹೊರಡೋ ದೊನಾತೊ, ಅದು ಅದರ ಪಾಡಿಗೆ ಹೋಯ್ತಲ್ಲ" ಅಂದ ಅಪ್ಪ.

"ಸ್ವಲ್ಪ ತಡಿಯಪ್ಪ, ಇನ್ನೊಂದು ಕಾರು ಬರ್ಲಿ" ಅಂದೆ.

ಕಾಲು ಗಂಟೆ ಕಾದೆ. ಅಪ್ಪ ಮತ್ತೆ ಮಾತಾಡಲಿಲ್ಲ. "ಸ್ವಲ್ಪ ಮುಂಚೆ ತಂದಿದ್ರೆ..." ಎಂದು ಡಾಕ್ಟರು ಅಂದದ್ದನ್ನು ನಿನಗೆ ಹೇಳದೆ ಮುಚ್ಚಿಟ್ಟಿದ್ದೆ.

ಆ ಬೆಕ್ಕು ಈಗ ನನ್ನ ಮನೆಯಲ್ಲಿದೆ. ಕಲ್ಲೇಟು ಬಿದ್ದು ಒಂದು ಕಾಲು ಕುಂಟಾಗಿದೆ. ಅದರ ಬೂದು ಮರಿಗಳನ್ನು ಅಕ್ಕಪಕ್ಕದವರು ಸಾಕಲು ಒಯ್ದರು. ಕಪ್ಪು ಮರಿ ಮಾತ್ರ ಯಾರಿಗೂ ಬೇಡವಾಗಿ ಉಳಿದಿದೆ. ಉಗ್ರಾಣದಲ್ಲಿ ಇಲಿ ಕಾಟ ಅನ್ನುತ್ತಿದ್ದೆಯಲ್ಲ, ಆ ಮರಿಯನ್ನು ನೀನು ಸಾಕಿಕೊ. ಒಲೆಯ ಪಕ್ಕ ಒಂದು ಹಳೆಯ ಕಂಬಳಿ ಹಾಸಿದರೆ ಸಾಕು, ತೆಪ್ಪಗೆ ಮಲಗುತ್ತದೆ.

ಶನಿವಾರ ಬುಟ್ಟಿಯಲ್ಲಿ ತರುತ್ತೇನೆ. ನೀನು ಬಾಗಿಲು ತೆರೆಯದಿದ್ದರೂ ತಪ್ಪು ತಿಳಿಯುವುದಿಲ್ಲ. ಆದರೆ ಅದು ನನ್ನ ಮೇಲಿನ ಸಿಟ್ಟಿಗಾಗಿ ಇರಲಿ ಅಕ್ಕ, ಮರಿಯ ಬಣ್ಣಕ್ಕಾಗಿ ಬೇಡ.

ನಿನ್ನ ತಮ್ಮ,
ದೊನಾತೊ