ಭಾವ ಬರುವವರೆಗೆ

ಡಿಸೆಂಬರ್ ೨೭, ಶನಿವಾರ

ಕೋಪ ಇಳಿಯುತ್ತಲೇ ಇಲ್ಲ. ಬರೆದರಾದರೂ ಇಳಿದೀತೇನೋ.

ಕ್ರಿಸ್‌ಮಸ್ ರಜೆಯ ಔತಣಕ್ಕೆಂದು ಬೆಳಗಿನಿಂದ ಒಬ್ಬಳೇ ನಿಂತು, ತಿನಿಸು ಜೋಡಿಸಿಡುವ ದೊಡ್ಡ ಮರದ ಹಲಗೆಯನ್ನು ಸಿಂಗರಿಸಿದ್ದೆ. ರೋಸ್‌ಮೇರಿ ಸೊಪ್ಪಿನ ಕಡ್ಡಿಗಳನ್ನು ಜೋಡಿಸಿ ಒಂದು ಹಸಿರು ಮರ, ಕೊಂಬೆಗಳ ನಡುವೆ ಚೀಸ್, ಆಲಿವ್, ದ್ರಾಕ್ಷಿ. ಸಲಾಮಿ ಮಾಂಸದ ತೆಳು ಬಿಲ್ಲೆಗಳನ್ನು ಲೋಟದ ಅಂಚಿಗೆ ಮಡಚಿ ಮಡಚಿ ಗುಲಾಬಿ ಮಾಡಿದ್ದೆ. ಮರದ ತುದಿಗೆ ಚೀಸಿನದೇ ನಕ್ಷತ್ರ. ನಾದಿನಿಯ ಮಕ್ಕಳು ಕೈ ಚಾಚಿದ್ದೇ ತಡ, ನನ್ನ ಗಂಡ ಅಡ್ಡ ನಿಂತರು.

"ಯಾರೂ ಮುಟ್ಬೇಡಿ! ಅಣ್ಣ ಬರ್ಲಿ, ಫೋಟೋ ತೆಗೆದ್ಮೇಲೆ ತಿನ್ನೋಣ."

ಭಾವ ಬಾರದೆ ಈ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಅತಿಥಿಗಳೆಲ್ಲ ಜೊಲ್ಲು ನುಂಗುತ್ತಾ ಕೂತರು. ಚೀಸ್ ಬೆವರಿತು. ಗುಲಾಬಿಗಳು ಒಣಗಿ ಮುರುಟಿದವು. ನನ್ನ ಪಿತ್ತ ನೆತ್ತಿಗೇರಿತು. ಎರಡು ಗಂಟೆ ತಡವಾಗಿ ಬಂದ ಭಾವ ಹಲಗೆಯತ್ತ ಒಮ್ಮೆ ಕಣ್ಣು ಹಾಯಿಸಿ, "ಅಯ್ಯೋ, ನನಗೋಸ್ಕರ ಕಾದ್ರಾ? ನಾನು ದಾರೀಲೇ ತಿಂದ್ಕೊಂಡು ಬಂದ್ನಲ್ಲ!" ಎಂದರು. ಅಷ್ಟೊತ್ತಿಗೆ ಉಳಿದವರಿಗೂ ತಿನ್ನುವ ಆಸೆ ಸತ್ತಿತ್ತು.

ಎಲ್ಲರೂ ಹೋದ ಮೇಲೆ ಗಂಡ ಆಕಳಿಸುತ್ತಾ, "ಅದಕ್ಯಾಕೆ ಮುಖ ಊದಿಸ್ಕೊಂಡಿದೀಯ? ನಾಳೆ ಸ್ಯಾಂಡ್‌ವಿಚ್ ಮಾಡಿದ್ರಾಯ್ತು ಬಿಡು" ಅಂದರು.

"ಆಯ್ತು" ಅಂದೆ. ಆಯ್ತಂತೆ! ನನ್ನ ಬಾಯಿಗೇನು ಬೀಗ ಬಿದ್ದಿತ್ತೇ?

ಈಗ ಅವರು ಗೊರಕೆ ಹೊಡೆಯುತ್ತಿದ್ದಾರೆ. ನಕ್ಷತ್ರವನ್ನು ನಾನೇ ತಿಂದೆ. ಸಲಾಮಿಯನ್ನು ಒಂದೂ ಉಳಿಸದೆ ಪಕ್ಕದ ಮನೆಯ ನಾಯಿಗೆ ಹಾಕಿ ಬಂದೆ.

ಅದು ಯಾರ ಅಣ್ಣನಿಗೂ ಕಾಯಲಿಲ್ಲ.